ನನ್ನ ಸುದ್ದಿ ನನಗಿಂತ ಮುಂಚೆ ಮನೆ ಮನೆ ಮುಟ್ಟಿತ್ತು: ಎಚ್‌ಐವಿ ಪಾಸಿಟಿವ್ ಆದ ಮೇಲಿನ ಒಂದು ವರ್ಷ

ಹೋದ ವಾರ ಎರಡನೇ ವೈರಲ್ ಲೋಡ್ ರಿಪೋರ್ಟ್ ಬಂತು, ರಕ್ತದಲ್ಲಿ ಎಚ್‌ಐವಿ ವೈರಸ್ ಎಷ್ಟಿದೆ ಅಂತ ಹೇಳುವ ರಿಪೋರ್ಟ್. ‘ಪತ್ತೆಯಾಗಿಲ್ಲ’ ಅಂತ ಇತ್ತು. ಆರು ತಿಂಗಳ ಹಿಂದೆಯೂ ಅದೇ ಬಂದಿತ್ತು. ಮಾತ್ರೆ ಶುರು ಮಾಡಿ ಸರಿಯಾಗಿ ಒಂದು ವರ್ಷ ಆಯ್ತು. ಈ ವರ್ಷದಲ್ಲಿ ವೈರಸ್ ವಿಷಯಕ್ಕೆ ನಾನು ಅತ್ತಿದ್ದು ಒಂದೇ ಸಲ. ಉಳಿದ ಅಳುವೆಲ್ಲ ನಮ್ಮವರ ವಿಷಯಕ್ಕೆ.

ನಮ್ಮವರು ಅಂದರೆ ನಮ್ಮ ಬಳಗ. ಗೇ, ಟ್ರಾನ್ಸ್, ಬೈಸೆಕ್ಷುವಲ್ ಎಲ್ಲ ಸೇರಿ ಮೂವತ್ತು ನಲವತ್ತು ಜನ. ಇರುವುದು ದೊಡ್ಡ ನಗರದಲ್ಲಾದರೂ ನಡೆಯುವುದು ಹಳ್ಳಿಯ ಹಾಗೆ. ಯಾರು ಯಾರ ಜೊತೆ ಇದ್ದರು, ಯಾರಿಗೆ ಕೆಲಸ ಹೋಯ್ತು, ಯಾರು ಮನೆಯಲ್ಲಿ ಹೇಳಿಕೊಂಡರು, ಎಲ್ಲ ಎಲ್ಲರಿಗೂ ಗೊತ್ತು. ಹೆತ್ತವರು ಬಾಗಿಲು ಹಾಕಿದ ರಾತ್ರಿ ನಾನು ಹೋಗಿ ಮಲಗಿದ್ದು ಇವರಲ್ಲೊಬ್ಬರ ಮನೆಯಲ್ಲೇ. ಅದಕ್ಕೇ ಇವರ ಮೌನ ಅಷ್ಟು ನೋಯಿಸಿತು. ಈಗ ತಾನೇ ರಿಪೋರ್ಟ್ ಕೈಗೆ ಬಂದು, ಯಾರಿಗೆ ಹೇಳಲಿ ಅಂತ ಕೂತಿರುವವರು ಯಾರಾದರೂ ಇದ್ದರೆ, ಇದು ನಿಮಗೆ.

ಶುರುವಾಗಿದ್ದು ಜ್ವರದಿಂದ. ಹತ್ತು ದಿನ ಬಿಟ್ಟೂ ಬಿಟ್ಟು ಜ್ವರ, ಗಂಟಲು ನೋವು, ಎದೆಯ ಮೇಲೆ ಸಣ್ಣ ಕೆಂಪು ಗುಳ್ಳೆ. ಮಾಮೂಲಿ ಜ್ವರ ಅಂದುಕೊಂಡೆ. ತಾನಾಗೇ ಹೋಯ್ತು. ನಾನು ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸುವವನು. ಆ ಸಲ ಕೆಲಸ ಜಾಸ್ತಿ ಇದ್ದು ಎರಡು ತಿಂಗಳು ತಡವಾಯ್ತು.

ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದುಕೊಂಡರು. ಇಪ್ಪತ್ತು ನಿಮಿಷ ಹೊರಗೆ ಕೂರಿ ಅಂದರು. ಒಳಗೆ ಕರೆದಾಗ ಕೌನ್ಸೆಲರ್ ಮೇಜಿನ ಮೇಲಿದ್ದ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದರು. ಎರಡು ಗೆರೆ. ಎರಡನೆಯದು ತುಂಬಾ ತೆಳುವಾಗಿ, ಅಳಿಸಿಹೋದ ಬಳಪದ ಗೆರೆ ಹಾಗಿತ್ತು. ಅಷ್ಟು ತೆಳು ಇದ್ದರೆ ಪರವಾಗಿಲ್ಲ ಅಲ್ವಾ ಅಂತ ಕೇಳಿದೆ. ಅವರು ಸಮಾಧಾನವಾಗಿ, ‘ಗೆರೆ ತೆಳುವೋ ದಪ್ಪವೋ ಲೆಕ್ಕಕ್ಕಿಲ್ಲ, ಆದರೆ ಒಂದೇ ಟೆಸ್ಟ್ ನೋಡಿ ನಾವು ಏನೂ ಹೇಳಲ್ಲ’ ಅಂದರು. ಮತ್ತೆ ಎರಡು ಬೇರೆ ಬೇರೆ ಬಗೆಯ ಟೆಸ್ಟ್ ಮಾಡಿದರು. ಮೂರೂ ಒಂದೇ ಉತ್ತರ ಕೊಟ್ಟವು. ಆಗ ಅತ್ತೆ. ಅವರು ಗಡಿಯಾರ ನೋಡದೆ ಎದುರಿಗೆ ಕೂತಿದ್ದರು.

ಇಲ್ಲಿ ಒಂದೆರಡು ವಿಷಯ. ಮನೆಯಲ್ಲೇ ಕಿಟ್‌ನಲ್ಲಿ ನೋಡಿಕೊಂಡು ‘ರಿಯಾಕ್ಟಿವ್’, ಅಂದರೆ ಸೋಂಕು ಇರಬಹುದು ಅಂತ ಬಂದರೆ ಅದೇ ಕೊನೆ ಉತ್ತರ ಅಂದುಕೊಳ್ಳಬೇಡಿ, ಟೆಸ್ಟ್ ಮಾಡುವ ಕೇಂದ್ರಕ್ಕೆ ಹೋಗಿ ಖಚಿತ ಮಾಡಿಕೊಳ್ಳಿ. ನೆಗೆಟಿವ್ ಬಂದರೂ ದಿನದ ಲೆಕ್ಕ ಮುಖ್ಯ. ಬೆರಳು ಚುಚ್ಚಿ ಮಾಡುವ ಟೆಸ್ಟ್‌ಗೆ ಸೋಂಕು ಕಾಣಿಸಲು 90 ದಿನದವರೆಗೂ ಬೇಕಾಗಬಹುದು. ಲ್ಯಾಬ್‌ನಲ್ಲಿ ಆಂಟಿಜೆನ್ (ವೈರಸ್‌ನ ತುಣುಕು), ಆಂಟಿಬಾಡಿ (ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ಎರಡನ್ನೂ ನೋಡುವ ಟೆಸ್ಟ್‌ಗೆ 45 ದಿನ ಸಾಕು. ಇನ್ನು ನಿನ್ನೆ ಮೊನ್ನೆ ಏನೋ ಆಗಿದೆ ಅನ್ನುವ ಭಯ ಇದ್ದರೆ ಟೆಸ್ಟ್‌ಗೆ ಕಾಯಬೇಡಿ. 72 ಗಂಟೆಯೊಳಗೆ ಪೆಪ್, ಅಂದರೆ ಸೋಂಕು ಅಂಟದ ಹಾಗೆ ಆಮೇಲೆ ಕೊಡುವ ಮಾತ್ರೆ, ಶುರು ಮಾಡಿದರೆ, 28 ದಿನ ಮಾತ್ರೆ ನುಂಗಿದರೆ, ಸೋಂಕು ತಡೆಯುವ ಸಾಧ್ಯತೆ ತುಂಬಾ ಇದೆ. ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು.

ಮಾರನೇ ದಿನ ಚಿಕಿತ್ಸಾ ಕೇಂದ್ರ. ಬೆಳಿಗ್ಗೆ ಒಂಬತ್ತಕ್ಕೆ ಹೋದವನು ಹೊರಬಂದಾಗ ಮೂರೂವರೆ. ಏಳು ಟ್ಯೂಬ್ ರಕ್ತ ತೆಗೆದರು. ಸಿಡಿ4 (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಎಣಿಕೆ), ವೈರಲ್ ಲೋಡ್, ಕಿಡ್ನಿ, ಲಿವರ್, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್. ಕೆಮ್ಮು, ರಾತ್ರಿ ಬೆವರು ಇದೆಯಾ ಅಂತ ಟಿಬಿಗಾಗಿ ಕೇಳಿದರು. ಹೆಪಟೈಟಿಸ್ ಬಿ ಟೆಸ್ಟ್ ಯಾಕೆ ಅಂತ ನಾನು ಕೇಳಿದ್ದು ಒಳ್ಳೆಯದಾಯ್ತು. ಎಚ್‌ಐವಿಗೆ ಕೊಡುವ ಕೆಲವು ಔಷಧಿ ಆ ವೈರಸ್ ಮೇಲೂ ಕೆಲಸ ಮಾಡುತ್ತವಂತೆ. ಎರಡೂ ಇರುವವರು ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಲಿವರ್‌ಗೆ ದೊಡ್ಡ ಪೆಟ್ಟು ಬೀಳಬಹುದು.

ಅಡ್ಡಿ ಬಂದಿದ್ದು ಕಾಗದಪತ್ರದಲ್ಲಿ. ರಿಪೋರ್ಟ್‌ನಲ್ಲಿ ನನ್ನ ಹೆಸರಿನ ಒಂದು ಅಕ್ಷರ ಬೇರೆ ಇತ್ತು, ಗುರುತಿನ ಚೀಟಿಯಲ್ಲಿ ಬೇರೆ. ತಿದ್ದಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಒಂದು ದಿನ ಹಾಳು. ಟ್ರಾನ್ಸ್ ಗೆಳೆಯರಿಗೆ ಇದು ಇನ್ನೂ ಕಷ್ಟ, ಚೀಟಿಯಲ್ಲಿ ಹಳೇ ಹೆಸರೇ ಇರುತ್ತೆ. ಯಾವ ಹೆಸರಿನಲ್ಲಿ ಫೈಲ್ ತೆರೆಯುತ್ತಾರೆ, ಯಾವ ಹೆಸರಿನಿಂದ ಎಲ್ಲರೆದುರು ಕೂಗುತ್ತಾರೆ, ಇವೆರಡನ್ನೂ ಮೊದಲೇ ಕೇಳಿಕೊಳ್ಳಿ. ಖಚಿತಪಡಿಸಿದ ರಿಪೋರ್ಟ್‌ನ ಎರಡು ಪ್ರತಿ, ಗುರುತಿನ ಚೀಟಿ, ಈಗ ತೆಗೆದುಕೊಳ್ಳುತ್ತಿರುವ ಬೇರೆ ಮಾತ್ರೆಗಳ ಪಟ್ಟಿ, ಇಷ್ಟು ಜೊತೆಗಿರಲಿ. ಎಲ್ಲವನ್ನೂ ಮೇಲೆ ಏನೂ ಬರೆಯದ ಒಂದು ಫೈಲ್‌ನಲ್ಲಿ ಇಡಿ.

ಬಹಳಷ್ಟು ದೇಶಗಳಲ್ಲಿ ಸರ್ಕಾರದ ಕೇಂದ್ರಗಳಲ್ಲಿ ಟೆಸ್ಟೂ ಮಾತ್ರೆಯೂ ಉಚಿತ. ನನಗೂ ಹಾಗೇ ಸಿಕ್ಕಿತು. ನನಗೆ ಖರ್ಚಾಗಿದ್ದು ರಜೆ. ಮೊದಲ ಎರಡು ತಿಂಗಳಲ್ಲಿ ಒಂಬತ್ತು ದಿನ. ಆಫೀಸಿನಲ್ಲಿ ‘ಆರೋಗ್ಯದ ತಪಾಸಣೆ’ ಅಂದೆ, ಅದಕ್ಕಿಂತ ಜಾಸ್ತಿ ಯಾರೂ ಕೇಳಲಿಲ್ಲ. ನೀವೂ ಅದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ.

ಮಾತ್ರೆ ದಿನಕ್ಕೆ ಒಂದೇ. ಅದರೊಳಗೆ ಮೂರು ಔಷಧಿ: ಡೊಲುಟೆಗ್ರಾವಿರ್, ಟೆನೊಫೊವಿರ್, ಲ್ಯಾಮಿವುಡಿನ್. ಮುಂಚೆ ಸಿಡಿ4 ಒಂದು ಮಟ್ಟಕ್ಕೆ ಇಳಿಯುವ ತನಕ ಕಾಯಿಸುತ್ತಿದ್ದರು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಕಾಯುವಿಕೆ ಬೇಡ, ಗೊತ್ತಾದ ಕೂಡಲೇ ಎಲ್ಲರಿಗೂ ಕೊಡಿ ಅಂದಿತು. ನನಗೆ ಮೂರನೇ ದಿನವೇ ಕೊಟ್ಟರು. ಮೊದಲ ಎರಡು ವಾರ ನಿದ್ದೆ ಸರಿಯಾಗಿ ಬರಲಿಲ್ಲ, ವಿಚಿತ್ರ ಕನಸುಗಳು. ಡಾಕ್ಟರಿಗೆ ಹೇಳಿದೆ, ರಾತ್ರಿ ಬದಲು ಬೆಳಿಗ್ಗೆ ತೊಗೊಳ್ಳಿ ಅಂದರು, ಸರಿಹೋಯ್ತು. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆ, ಎದೆಯುರಿಗೆ ತೊಗೊಳ್ಳುವ ಆಂಟಾಸಿಡ್ ಇವೆಲ್ಲ ಡೊಲುಟೆಗ್ರಾವಿರ್ ಮೈಗೆ ಹತ್ತದ ಹಾಗೆ ಮಾಡುತ್ತವೆ. ಎಷ್ಟು ಗಂಟೆ ಬಿಟ್ಟು ತೊಗೊಳ್ಳಬೇಕು ಅಂತ ಕೇಳಿಕೊಳ್ಳಿ. ನನಗೆ ಇದನ್ನು ಯಾರೂ ತಾವಾಗಿ ಹೇಳಲಿಲ್ಲ.

ಈಗ ಬಳಗದ ಮಾತಿಗೆ ಬರುತ್ತೇನೆ.

ಮೊದಲು ಹೇಳಿದ್ದು ಒಬ್ಬನಿಗೆ. ಒಂಬತ್ತು ವರ್ಷದ ಗೆಳೆತನ. ಹೇಳಿದ ಕೂಡಲೇ ತಬ್ಬಿಕೊಂಡ. ‘ಮಗಾ, ನಾನಿದ್ದೀನಿ’ ಅಂದ. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ, ವರ್ಷದಲ್ಲಿ ಒಮ್ಮೆಯೂ ಮೆಸೇಜ್ ಮಾಡದವರೆಲ್ಲ ‘ಹುಷಾರಾಗಿದ್ದೀಯಾ?’ ಅಂತ ಕೇಳತೊಡಗಿದರು. ಬೇರೇನೂ ಇಲ್ಲ, ಬರೀ ಅಷ್ಟೇ. ಐದನೆಯವನೂ ಅದನ್ನೇ ಕೇಳಿದಾಗ ನನಗೆ ಹೊಳೆಯಿತು. ಗೆಳೆಯನಿಗೆ ಫೋನ್ ಮಾಡಿದೆ. ‘ನಾನು ಒಬ್ಬರಿಗೇ ಹೇಳಿದ್ದು ಕಣೋ, ಅವರಿಗೂ ನಿನ್ನ ಮೇಲೆ ಕಾಳಜಿ’ ಅಂದ. ಅವನು ಸುಳ್ಳು ಹೇಳಲಿಲ್ಲ. ಒಬ್ಬರಿಗೇ ಹೇಳಿದ್ದ. ಅವರೂ ಒಬ್ಬರಿಗೇ ಹೇಳಿದ್ದರು.

ಆಮೇಲೆ ಲೆಕ್ಕ ಹಾಕುವ ಕೆಲಸ ಶುರುವಾಯ್ತು. ಯಾರಿಂದ ಬಂತು, ಯಾರಿಗೆ ಕೊಟ್ಟಿರಬಹುದು ಅಂತ. ನನ್ನ ಹಳೇ ಸಂಗಾತಿಯೊಬ್ಬ, ನಾವು ಬಿಟ್ಟು ಎರಡು ವರ್ಷವಾಗಿದೆ, ಅವನನ್ನು ಯಾರೋ ಪಾರ್ಟಿಯಲ್ಲಿ ಪಕ್ಕಕ್ಕೆ ಕರೆದು ‘ನೀನು ಟೆಸ್ಟ್ ಮಾಡಿಸಿದ್ಯಾ?’ ಅಂತ ಕೇಳಿದರಂತೆ. ಅವನಿಗೆ ನನ್ನ ವಿಷಯ ತಿಳಿದಿದ್ದು ಹಾಗೆ. ನಾನು ಹೇಳಬೇಕಾಗಿದ್ದನ್ನು ಯಾರೋ ಮೂರನೆಯವರು ಅವನಿಗೆ ಹೇಳಿಬಿಟ್ಟರು. ಅವತ್ತಿನ ಸಂಕಟ ಇನ್ನೂ ಹೋಗಿಲ್ಲ.

ಎರಡು ತಿಂಗಳ ನಂತರ ಎಲ್ಲರೂ ಸೇರಿ ಹೋಗುವ ಪ್ರವಾಸವಿತ್ತು. ರೂಮ್ ಹಂಚುವಾಗ ನನಗೆ ಮಾತ್ರ ಒಬ್ಬನದೇ ರೂಮ್. ‘ನಿನಗೆ ರೆಸ್ಟ್ ಬೇಕಲ್ವಾ’ ಅಂದರು. ನಾನು ಹೋಗಲಿಲ್ಲ.

ಇವರು ಯಾರೂ ಏನೂ ಗೊತ್ತಿಲ್ಲದವರಲ್ಲ ಅನ್ನೋದನ್ನು ಹೇಳಲೇಬೇಕು. ಟೆಸ್ಟಿಂಗ್ ಕ್ಯಾಂಪ್ ಮಾಡಿದವರು, ಕಾಂಡೋಮ್ ಹಂಚಿದವರು, ಮುಟ್ಟಿದರೆ ಬರಲ್ಲ, ಸೊಳ್ಳೆಯಿಂದ ಬರಲ್ಲ ಅಂತ ಬೇರೆಯವರಿಗೆ ಪಾಠ ಹೇಳಿದವರು. ನಾನೂ ಅದರಲ್ಲಿದ್ದೆ. ಆದರೂ ನನ್ನದೇ ಡೇಟಿಂಗ್ ಆ್ಯಪ್ ಪ್ರೊಫೈಲ್‌ನಲ್ಲಿ ಮೂರು ವರ್ಷ ‘ಕ್ಲೀನ್’ ಅಂತ ಬರೆದಿತ್ತು. ನೆಗೆಟಿವ್ ಆಗಿರೋದು ಕ್ಲೀನ್ ಆದರೆ ಪಾಸಿಟಿವ್ ಆಗಿರೋದು ಏನು? ಆ ಪದ ಬರೆಯುವಾಗ ನನಗೆ ಅದು ತೋಚಿರಲಿಲ್ಲ. ರಿಪೋರ್ಟ್ ಬಂದ ರಾತ್ರಿ ಅದನ್ನು ಅಳಿಸಿದೆ. ಅದನ್ನು ಓದಿಕೊಂಡು ಸುಮ್ಮನೆ ಮುಂದೆ ಹೋದವರು ಎಷ್ಟು ಜನರಿದ್ದರೋ ಅಂತ ಯೋಚಿಸಿದರೆ ಈಗಲೂ ಹೊಟ್ಟೆಯಲ್ಲಿ ಕಲಸುತ್ತೆ.

ಯಾಕೆ ಹೀಗೆ ಅಂತ ತುಂಬಾ ಯೋಚನೆ ಮಾಡಿದ್ದೇನೆ. ನಮ್ಮಲ್ಲಿ ಹೆಚ್ಚು ಕಡಿಮೆ ಎಲ್ಲರೂ ಮನೆಯಲ್ಲಿ ಒಂದು ಮಾತು ಕೇಳಿಸಿಕೊಂಡಿದ್ದೇವೆ: ‘ಈ ದಾರೀಲಿ ಹೋದರೆ ಏಡ್ಸ್ ಬಂದು ಸಾಯ್ತೀಯ.’ ನನ್ನ ಅಪ್ಪ ಹೇಳಿದ್ದರು. ಆ ಮಾತು ಸುಳ್ಳು ಅಂತ ತೋರಿಸಲಿಕ್ಕೇ ಅರ್ಧ ಆಯಸ್ಸು ಸವೆಸಿರುತ್ತೇವೆ. ಒಳ್ಳೆ ಕೆಲಸ, ಒಳ್ಳೆ ಮೈಕಟ್ಟು, ನೆಗೆಟಿವ್ ರಿಪೋರ್ಟ್. ಆಗ ನಮ್ಮೊಳಗೇ ಒಬ್ಬ ಪಾಸಿಟಿವ್ ಆದ ಅಂದರೆ, ಅಪ್ಪನ ಮಾತು ನಿಜವಾಯ್ತಲ್ಲ ಅನ್ನುವ ಭಯ ಎಲ್ಲರ ಎದೆಗೂ ನುಗ್ಗುತ್ತೆ. ನನ್ನನ್ನು ದೂರ ಇಟ್ಟವರು ಆ ಮಾತನ್ನು ದೂರ ಇಡುತ್ತಿದ್ದರು ಅಂತ ನನಗೆ ಅನಿಸುತ್ತೆ. ಕ್ಷಮಿಸಲಿಕ್ಕೆ ಅದು ಸಾಕಾ, ನನಗಿನ್ನೂ ಗೊತ್ತಾಗಿಲ್ಲ.

ಯಾರಿಗೆ ಹೇಳೋದು ಅಂತ ಕೇಳುವವರಿಗೆ: ಮೊದಲ ವಾರ ಕೌನ್ಸೆಲರ್ ಬಿಟ್ಟು ಯಾರಿಗೂ ಹೇಳಬೇಕಾದ ಅವಸರ ಇಲ್ಲ. ಹೇಳುವಾಗ, ‘ಇದನ್ನು ಬೇರೆಯವರಿಗೆ ಹೇಳೋದು ನನಗೆ ಬಿಟ್ಟಿದ್ದು, ನಿನ್ನ ಪ್ರೀತಿಯ ಮನುಷ್ಯನಿಗೂ ಹೇಳಬೇಡ’ ಅಂತ ಬಾಯಿಬಿಟ್ಟು ಹೇಳಿ. ನಾನು ಹೇಳಿರಲಿಲ್ಲ, ಅಷ್ಟು ಗೊತ್ತಿರುತ್ತೆ ಅಂದುಕೊಂಡಿದ್ದೆ. ಸಾಧ್ಯವಾದರೆ ಮೊದಲು ಹೇಳುವವರು ಬಳಗದ ಹೊರಗಿನವರಾಗಿರಲಿ. ನನಗೆ ಆಮೇಲೆ ಹೆಗಲಾದದ್ದು ನನ್ನ ಅಕ್ಕನ ಮಗಳು, ಇಪ್ಪತ್ತೊಂದು ವರ್ಷದವಳು.

ಹಿಂದಿನ ಸಂಗಾತಿಗಳಿಗೆ ತಿಳಿಸುವುದು ಬೇರೆ ವಿಷಯ. ಅದು ಅವರ ಆರೋಗ್ಯದ ಪ್ರಶ್ನೆ, ಮುಂದೂಡಬೇಡಿ. ನೀವೇ ಹೇಳಲು ಆಗದಿದ್ದರೆ, ನಿಮ್ಮ ಹೆಸರು ಹೇಳದೆ ಅವರಿಗೆ ತಿಳಿಸುವ ವ್ಯವಸ್ಥೆ ಇದೆಯಾ ಅಂತ ಕೇಂದ್ರದಲ್ಲಿ ಕೇಳಿ, ಬಹಳ ಕಡೆ ಇರುತ್ತೆ. ನಾನು ಇಬ್ಬರಿಗೆ ನಾನೇ ಹೇಳಿದೆ. ‘ನನಗೆ ಎಚ್‌ಐವಿ ಪಾಸಿಟಿವ್ ಬಂದಿದೆ. ನೀನೂ ಟೆಸ್ಟ್ ಮಾಡಿಸು. ಬೇಕಾದರೆ ಜೊತೆಗೆ ಬರ್ತೀನಿ.’ ಇಷ್ಟೇ ಬರೆದೆ. ಒಬ್ಬ ಆ ನಿಮಿಷವೇ ಬ್ಲಾಕ್ ಮಾಡಿದ. ಇನ್ನೊಬ್ಬ ಟೆಸ್ಟ್ ಮಾಡಿಸಿ, ನೆಗೆಟಿವ್ ಬಂದ ಮೇಲೆ ಪ್ರೆಪ್ (ಸೋಂಕು ಬರದ ಹಾಗೆ ಮುಂಚೆಯೇ ತೊಗೊಳ್ಳುವ ಔಷಧಿ) ಶುರು ಮಾಡಿದ. ಥ್ಯಾಂಕ್ಸ್ ಅಂತ ಒಂದು ಉದ್ದದ ಮೆಸೇಜ್ ಕಳಿಸಿದ್ದ. ಅದನ್ನು ಇಟ್ಟುಕೊಂಡಿದ್ದೇನೆ.

ಬಳಗದ ಭಾನುವಾರದ ಭೇಟಿ ನಡೆಯುವುದು ನಾವೆಲ್ಲ ‘ಅಕ್ಕ’ ಅಂತ ಕರೆಯುವವರ ಮನೆಯಲ್ಲಿ. ಐವತ್ತೈದು ದಾಟಿದ ಟ್ರಾನ್ಸ್ ಹೆಂಗಸು, ನಮಗೆಲ್ಲ ತಾಯಿ ಇದ್ದ ಹಾಗೆ. ಅವರ ಅಡುಗೆಮನೆಯಲ್ಲಿ ಹತ್ತು ಹದಿನೈದು ಕಪ್ ಇವೆ, ಒಂದರಂತೆ ಇನ್ನೊಂದಿಲ್ಲ. ಯಾರಿಗೆ ಯಾವುದು ಸಿಕ್ಕಿದರೆ ಅದು. ಮೂರು ತಿಂಗಳು ಬಿಟ್ಟು ಹೋದೆ. ನನಗೆ ಬಂದದ್ದು ಹಿಡಿ ಮುರಿದ ನೀಲಿ ಕಪ್. ಮುಂದಿನ ಭಾನುವಾರವೂ ಅದೇ. ಮೂರನೇ ವಾರ ನಾನೇ ಎದ್ದು ಒಳಗೆ ಹೋಗಿ ನೋಡಿದೆ. ಉಳಿದ ಕಪ್‌ಗಳೆಲ್ಲ ಒಟ್ಟಿಗೆ ಬೋರಲು ಹಾಕಿದ್ದವು. ನೀಲಿ ಕಪ್ ಒಂದೇ ಕಿಟಕಿ ಕಟ್ಟೆಯ ಮೇಲೆ, ಪಕ್ಕದಲ್ಲಿ ಅದಕ್ಕೇ ಅಂತ ಒಂದು ಪುಟ್ಟ ಸ್ಪಾಂಜ್. ಆ ಸ್ಪಾಂಜ್ ಹೊಸದು. ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

‘ಅಕ್ಕಾ, ಇದು ಯಾಕೆ?’ ಅಂತ ಕೇಳಿದೆ. ಜೋರಾಗಿ ಕೇಳಲು ಆಗಲಿಲ್ಲ.

ಅವರು ಸ್ಟವ್ ಆರಿಸಿ ಅಲ್ಲೇ ನೆಲದ ಮೇಲೆ ಕೂತರು. ತೊಂಬತ್ತರ ದಶಕದಲ್ಲಿ ತಮ್ಮ ಜೊತೆಯವರಲ್ಲಿ ಆರು ಜನ ಹೋಗಿದ್ದನ್ನು ಹೇಳಿದರು. ಕೊನೆಯವಳನ್ನು ಇವರೇ ನೋಡಿಕೊಂಡಿದ್ದು. ವಾರ್ಡಿನಲ್ಲಿ ಊಟದ ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದರಂತೆ. ದೇಹ ತೊಳೆಯಲು ಯಾರೂ ಬರದೆ ಇವರೊಬ್ಬರೇ ತೊಳೆದರಂತೆ. ಮೂರು ಔಷಧಿ ಒಟ್ಟಿಗೆ ಕೊಟ್ಟರೆ ವೈರಸ್ ಅಡಗುತ್ತೆ ಅಂತ 1996ರಲ್ಲೇ ವ್ಯಾಂಕೂವರ್ ಸಮ್ಮೇಳನದಲ್ಲಿ ಸಾರಿದ್ದರು. ಅಕ್ಕನ ಗೆಳತಿಯರ ತನಕ ಆ ಮಾತ್ರೆ ಬರುವಷ್ಟರಲ್ಲಿ ಗೆಳತಿಯರೇ ಇರಲಿಲ್ಲ. ‘ಕಪ್‌ನಿಂದ ಬರಲ್ಲ ಅಂತ ಗೊತ್ತು ಕಣೋ. ಕೈಗೆ ಗೊತ್ತಿಲ್ಲ’ ಅಂದರು.

ನನಗೆ ಸಿಟ್ಟು ಬಂತು, ಅಳುವೂ ಬಂತು. ಕ್ಷಮಿಸಿದೆ ಅಂತ ಹೇಳಲಿಲ್ಲ. ಮಾತ್ರೆ ಡಬ್ಬಿ ತೆಗೆದು ಅವರ ಅಂಗೈ ಮೇಲೆ ಇಟ್ಟೆ. ದಿನಕ್ಕೆ ಒಂದೇನಾ ಅಂತ ಕೇಳಿದರು. ಒಂದೇ ಅಂದೆ. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ತುಂಬಾ ಹೊತ್ತು ಕೂತಿದ್ದರು.

ಆರನೇ ತಿಂಗಳಿಗೆ, ಮಾತ್ರೆ ಶುರುವಾದ ಮೇಲಿನ ಮೊದಲ ವೈರಲ್ ಲೋಡ್ ಟೆಸ್ಟ್. ಅರವತ್ತು ಸಾವಿರದ ಮೇಲಿದ್ದದ್ದು ಪತ್ತೆಯಾಗದಷ್ಟು ಇಳಿದಿತ್ತು. ರಿಪೋರ್ಟ್ ಬರಲು ಮೂರು ವಾರ ಹಿಡಿಯಿತು, ಫೋನ್ ಬರುತ್ತೆ ಅಂತ ಸುಮ್ನೆ ಕಾಯಬೇಡಿ, ನೀವೇ ಹೋಗಿ ಕೇಳಿ. ಮಾತ್ರೆ ತಪ್ಪಿಸದೆ ವೈರಸ್ ಹೀಗೆ ಅಡಗಿದ್ದರೆ ಸಂಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ‘ಯು ಈಕ್ವಲ್ಸ್ ಯು’ (ಪತ್ತೆಯಾಗದಿದ್ದರೆ ಹರಡಲ್ಲ) ಅಂತ 2016ರಿಂದ ಪ್ರಚಾರದಲ್ಲಿರುವುದು ಇದೇ. ಕಡಿಮೆ ಹರಡುತ್ತೆ ಅಂತಲ್ಲ, ಹರಡುವುದೇ ಇಲ್ಲ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪಾರ್ಟ್‌ನರ್-2 ಅಧ್ಯಯನ ಬಂತು. ಒಬ್ಬ ಪಾಸಿಟಿವ್, ಒಬ್ಬ ನೆಗೆಟಿವ್ ಇರುವ 782 ಗಂಡು ಜೋಡಿಗಳು. ಕಾಂಡೋಮ್ ಇಲ್ಲದೆ ಸುಮಾರು 76,000 ಸಲ ಸೇರಿದ್ದರು. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಬರಲಿಲ್ಲ. 15 ಜನರಿಗೆ ಸೋಂಕು ತಗಲಿತ್ತು ನಿಜ, ವೈರಸ್‌ನ ಜೀನ್ ಹೋಲಿಸಿ ನೋಡಿದರೆ ಹದಿನೈದೂ ಹೊರಗಿನಿಂದ ಬಂದದ್ದು. ಸಿಫಿಲಿಸ್, ಗೊನೊರಿಯಾ ಇವನ್ನು ಮಾತ್ರೆ ತಡೆಯಲ್ಲ, ಅದಕ್ಕೆ ಕಾಂಡೋಮ್ ಬೇಕೇ ಬೇಕು.

ಈ ಅಂಕಿಗಳು ನನಗೆ ಬಾಯಿಪಾಠ. ಆದರೂ ಆ್ಯಪ್‌ನಲ್ಲಿ ಪರಿಚಯವಾದವರಿಗೆ ಹೇಳಿದಾಗ ಆರರಲ್ಲಿ ನಾಲ್ಕು ಜನ ಮಾತು ನಿಲ್ಲಿಸಿದರು. ಒಬ್ಬ ‘ನಂಬಿಕೆ ಬರಬೇಕು, ರಿಪೋರ್ಟ್ ಕಳಿಸು’ ಅಂದ. ಫೋಟೋ ಕಳಿಸಿದೆ. ಮೂರು ದಿನಕ್ಕೆ ಅದೇ ಫೋಟೋ, ಹೆಸರು ಕಾಣುವ ಹಾಗೆ, ಬೇರೊಬ್ಬನ ಫೋನಿನಿಂದ ನನಗೇ ವಾಪಸ್ ಬಂತು. ದಯವಿಟ್ಟು ರಿಪೋರ್ಟ್‌ನ ಫೋಟೋ ಯಾರಿಗೂ ಕಳಿಸಬೇಡಿ. ನೋಡಲೇಬೇಕು ಅಂದರೆ ಎದುರಿಗೆ ಕೂತು ತೋರಿಸಿ, ಕಾಗದ ವಾಪಸ್ ಜೇಬಿಗೆ ಇಟ್ಟುಕೊಳ್ಳಿ.

ಆ ಫೋಟೋ ಬಂದ ವಾರ ಬಳಗದ ಭೇಟಿಯಲ್ಲಿ ಎದ್ದು ನಿಂತು ನಾನೇ ಹೇಳಿದೆ. ಎಲ್ಲರಿಗೂ ಗೊತ್ತಿದ್ದದ್ದನ್ನು ನನ್ನ ಬಾಯಲ್ಲಿ ಮೊದಲ ಸಲ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಎದ್ದು ಹೋಗಲೂ ಇಲ್ಲ. ಒಂಬತ್ತು ವರ್ಷದ ಗೆಳೆಯ ನೆಲ ನೋಡುತ್ತಿದ್ದ. ಆಮೇಲೆ ಹೊರಗೆ ಬಂದು ‘ತಪ್ಪಾಯ್ತು ಮಗಾ’ ಅಂದ. ಹೂಂ ಅಂದೆ. ಈಗ ಮಾತಾಡುತ್ತೇವೆ, ಮುಂಚಿನ ಹಾಗಲ್ಲ. ಅವತ್ತು ರಾತ್ರಿ ಇಬ್ಬರು ಬೇರೆ ಬೇರೆಯಾಗಿ ಮೆಸೇಜ್ ಮಾಡಿದರು. ತಾವೂ ಪಾಸಿಟಿವ್ ಅಂತ. ಒಬ್ಬರು ಏಳು ವರ್ಷದಿಂದ. ಏಳು ವರ್ಷ ಅದೇ ಮನೆಯಲ್ಲಿ, ಅದೇ ಕಪ್‌ಗಳಲ್ಲಿ ನಮ್ಮ ಜೊತೆ ಕುಡಿದವರು.

ಹೋದ ವಾರ ಈ ಎರಡನೇ ರಿಪೋರ್ಟ್ ತರಲು ಹೊರಟಾಗ ಅಕ್ಕ ಫೋನ್ ಮಾಡಿ ತಾವೂ ಬರ್ತೀನಿ ಅಂದರು. ಜೊತೆಗೆ ಅಂದುಕೊಂಡೆ. ಕೇಂದ್ರಕ್ಕೆ ಬಂದ ಮೇಲೆ ಅವರು ಟೆಸ್ಟಿನ ಕಿಟಕಿ ಕಡೆ ತಿರುಗಿದರು. ಆ ಆರು ಜನ ಹೋದ ಮೇಲೆ ಒಂದು ಸಲವೂ ಮಾಡಿಸಿಲ್ಲವಂತೆ. ಚೀಟಿ ಬರೆಯುವಾಗ ಅವರ ಕೈ ನಡುಗುತ್ತಿತ್ತು, ಹೆಸರಿನ ಜಾಗ ನಾನು ತುಂಬಿದೆ. ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ಮುಚ್ಚಳ ಹಾಕಿ ವಾಪಸ್ ಕೊಟ್ಟರು. ಕರೆದಾಗ ಒಬ್ಬರೇ ಒಳಗೆ ಹೋದರು.

ಹೊರಗೆ ಬಂದು ಏನು ಹೇಳಿದರು ಅಂತ ಇಲ್ಲಿ ಬರೆಯಲ್ಲ. ಅದು ಅಕ್ಕನ ಸುದ್ದಿ.